ಸಹಿಚಿತ್ರವನ್ನು ತಿದ್ದುವ ಬಗೆ

ಕಾಗದದ ಕೊನೆಗೆ ರುಜು ಹಾಕುವುದು ಬಹು ಹಿಂದಿನ ಪದ್ಧತಿ. ಕೆಲವರು ರುಜುವಿನ ಕೆಳಗೆ ಗೆರೆಯೊಂದನ್ನೆಳೆದು ಎರಡು ಚುಕ್ಕೆಗಳನ್ನಿಡುತ್ತಿದ್ದರು. ಮತ್ತೆ ಕೆಲವರು ಹೆಸರಿನ ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆ ಹೊರಳಿಸಿ ಮೊದಲಕ್ಷರದ ನೆತ್ತಿಯ ಮೇಲೆ ತಂದು ನಿಲ್ಲಿಸುತ್ತಿದ್ದರು. ಇಂದು ಕಾಗದದ ಸ್ಥಾನವನ್ನು ಬಹುಮಟ್ಟಿಗೆ ಈ-ಮೇಲ್ ಆಕ್ರಮಿಸಿದೆ. ಅದರೊಡನೆ ರುಜುವಿನ ಜಾಗದಲ್ಲಿ ಹೊಸದೊಂದು ವಸ್ತು ಕಾಣಿಸಿಕೊಂಡಿದೆ. ಅದು ಅಡ್ಡಲಾಗಿ ಉದ್ದವಾದ ಒಂದು ಪುಟ್ಟ ಚಿತ್ರ. ಅದರಲ್ಲಿ ಬರೆದವರ ಹೆಸರು, ಜೊತೆಗೆ ಅವರ ಉದ್ಯೋಗವನ್ನೋ ಅಭಿರುಚಿಯನ್ನೋ ಸೂಚಿಸುವ ಒಂದು ನೋಟ. ಇದನ್ನು ನಾವು ಸಹಿಚಿತ್ರವೆಂದು ಕರೆಯೋಣ.

ಇದು ಬರಿಯ ಮಕ್ಕಳಾಟವಲ್ಲವೆ ಎಂದು ಕೇಳುವವರುಂಟು. ಆಟವೂ ಹೌದು. ಆದರೆ ಮನೆಯ ಒಂದು ಕೋಣೆಯಲ್ಲಿ ಸಂಗೀತ ಪಾಠ ಹೇಳುವವರು, ಬಟ್ಟೆ ಹೊಲಿದುಕೊಡುವವರು, ಹಪ್ಪಳ ಸಂಡಿಗೆಗಳನ್ನು ಮಾಡಿ ಮಾರುವವರು, ಇಂಥವರಿಗೆ ಬೀದಿಯಲ್ಲಿ ಅಂಗಡಿಯಿಲ್ಲ, ಬಾಗಿಲಿಗೆ ಬೋರ್ಡಿಲ್ಲ. ಅವರು ಕಳುಹಿಸುವ ಪತ್ರದ ಕೆಳಗಿರುವ ಈ ಪಟ್ಟಿಯೇ ಅವರ ಬೋರ್ಡು. ಅದನ್ನು ಮಾಡಿಕೊಡುವವರು ಸಾಮಾನ್ಯವಾಗಿ ಮನೆಯ ಮಗನೋ ಮಗಳೋ ಸೊಸೆಯೋ ಆಗಿರುತ್ತಾರೆ. ಕಂಪ್ಯೂಟರನ್ನು ತಕ್ಕಮಟ್ಟಿಗೆ ಬಲ್ಲವರು, ಚಿತ್ರಕಲೆಯನ್ನು ಕಲಿತವರಲ್ಲ. ಇಂಥ ಹೊಸಬರ ಕೈಯಲ್ಲಿ ಚಿತ್ರ ಎಲ್ಲಿ ಕೆಡುತ್ತದೆ, ಏಕೆ ಕೆಡುತ್ತದೆ, ಅದನ್ನು ಸರಿಪಡಿಸುವುದು ಹೇಗೆ ಎಂಬುದು ಇಲ್ಲಿಯ ವಿಷಯ.

ಸಲಕರಣೆಯ ಮಾತನ್ನು ಮೊದಲು ಮುಗಿಸಿಬಿಡಬಹುದು. ಅಮೆರಿಕದ ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರು ರೂಪಿಸಿದ ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಹಣ ತೆರಬೇಕು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಆರಂಭಿಸಿದ ಗಿಂಪ್ ಎಂಬುದು ಬಿಟ್ಟಿಯಾಗಿಯೇ ದೊರೆಯುತ್ತದೆ. ಮನೆಯ ಕೆಲಸಕ್ಕೆ ಅದು ಧಾರಾಳವಾಗಿ ಸಾಕು. ಎರಡರಲ್ಲೂ ಮುಖ್ಯವಾದ ಸೌಕರ್ಯವೆಂದರೆ ಪದರಗಳು. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಕೆಳಗಿನದರಲ್ಲಿ ಹಿನ್ನೆಲೆಯನ್ನೂ ನಡುವಿನದರಲ್ಲಿ ಆಕೃತಿಯನ್ನೂ ಮೇಲಿನದರಲ್ಲಿ ಅಕ್ಷರಗಳನ್ನೂ ಬರೆದಂತೆ ಇದು. ಒಂದನ್ನು ಅಳಿಸಿದರೆ ಮತ್ತೊಂದಕ್ಕೆ ಧಕ್ಕೆಯಿಲ್ಲ. ಫೋಟೋಶಾಪಿಗೂ ಈ ಸೌಕರ್ಯ ಒದಗಿದ್ದು 1994ರಲ್ಲಿಯೇ. ಅದಕ್ಕೆ ಮುಂಚೆ ಕೆಲಸ ಮಾಡಿದವರ ಸಹನೆಯನ್ನು ಮೆಚ್ಚಬೇಕು.

ಇನ್ನು ಅಳತೆಗೆ ಬರೋಣ. ಕಂಪ್ಯೂಟರಿನ ಚಿತ್ರವೆಲ್ಲ ಪಿಕ್ಸೆಲ್ ಎಂಬ ಚೌಕ ಚುಕ್ಕೆಗಳಿಂದಾದುದು. ಸಹಿಚಿತ್ರಕ್ಕೆ ಅಗಲ 500 ಚುಕ್ಕೆ, ಎತ್ತರ 150 ಚುಕ್ಕೆ ಎಂದು ಇಟ್ಟುಕೊಂಡರೆ ಒಟ್ಟು 75,000 ಚುಕ್ಕೆಗಳಾದುವು. ಕೇಳುವುದಕ್ಕೆ ಇದು ದೊಡ್ಡ ಸಂಖ್ಯೆ. ಆದರೆ ಪತ್ರವನ್ನು ಓದುವವರು ಬಹುಪಾಲು ಕೈಫೋನಿನಲ್ಲಿ ಓದುತ್ತಾರೆ; ಅದರ ಪರದೆಯ ಅಗಲ ಸುಮಾರು 7 ಸೆಂಟಿಮೀಟರು. ಅಂದರೆ ನಮ್ಮ ಚಿತ್ರ ಅಲ್ಲಿ 7 ಸೆಂಟಿಮೀಟರು ಅಗಲ, 2 ಸೆಂಟಿಮೀಟರು ಎತ್ತರದ ಒಂದು ಚೂರಾಗಿ ಕಾಣುತ್ತದೆ. ಒಂದು ವಿಸಿಟಿಂಗ್ ಕಾರ್ಡಿನ ಮೂರನೆಯ ಒಂದು ಪಾಲು. ಬರೆಯುವಾಗಲಾದರೋ ಕಂಪ್ಯೂಟರಿನ ದೊಡ್ಡ ಪರದೆಯ ಮೇಲೆ ಅದನ್ನು ನಾಲ್ಕು ಪಟ್ಟು ಹಿಗ್ಗಿಸಿಕೊಂಡು ಬರೆಯುತ್ತೇವೆ. ಅಲ್ಲಿ ಎಲ್ಲವೂ ಹಿಡಿಯುವಂತೆ ತೋರುತ್ತದೆ. ಹೊಸಬರ ಹತ್ತು ದೋಷಗಳಲ್ಲಿ ಎಂಟಕ್ಕೆ ಮೂಲ ಈ ಭ್ರಮೆಯೇ ಎಂದು ನನ್ನ ಎಣಿಕೆ.

ಒಂದು ಉದಾಹರಣೆಯನ್ನು ಹಿಡಿದು ಹೊರಡೋಣ. ವೀಣೆಯನ್ನು ಕಲಿಸುವ ತಾಯಿಯೊಬ್ಬರಿಗೆ ಅವರ ಮಗ ಸಹಿಚಿತ್ರವನ್ನು ಮಾಡಿಕೊಡುತ್ತಾನೆ. ಮೊದಲ ಉತ್ಸಾಹ, ಆದುದರಿಂದ ಅದರಲ್ಲಿ ಎಡಗಡೆ ಸರಸ್ವತಿ, ಬಲಗಡೆ ಇಡಿಯ ವೀಣೆ, ನಡುವೆ ತಾವರೆ, ಹಿಂದೆ ಸೂರ್ಯೋದಯ, ಅದರ ಮೇಲೆ ಕ್ಯಾಮೆರಾದ ಮಸೂರಕ್ಕೆ ಬಿಸಿಲು ಬಡಿದಂಥ ಹೊಳಪಿನ ಉಂಗುರಗಳು, ಕಾಮನಬಿಲ್ಲಿನ ಏಳು ಬಣ್ಣದಲ್ಲಿ ಹೆಸರು, ಕೆಳಗೆ ವಿಳಾಸ, ಫೋನು, ತರಗತಿಯ ವೇಳೆ. ಪ್ರತಿಯೊಂದೂ ಬೇರೆಬೇರೆಯಾಗಿ ನೋಡಿದರೆ ಚೆನ್ನಾಗಿಯೇ ಇದೆ. ಒಟ್ಟಿಗೆ ನೋಡಿದರೆ ಜಾತ್ರೆಯ ಮಾರನೆಯ ದಿನದ ಬಯಲು.

ಇಲ್ಲಿ ಮೊದಲು ಮಾಡಬೇಕಾದ ಕೆಲಸ ಆಯ್ಕೆ. ಕಣ್ಣು ಹೋಗಿ ಕೂರಲು ಒಂದು ಜಾಗ ಸಾಕು. ಎರಡಿದ್ದರೆ ಕಣ್ಣು ಎಲ್ಲಿಯೂ ಕೂರುವುದಿಲ್ಲ. ವೀಣೆಯನ್ನಿಟ್ಟುಕೊಂಡು ಉಳಿದುದನ್ನು ಬಿಡೋಣ. ಆದರೆ ಇಡಿಯ ವೀಣೆಯೂ ಇಲ್ಲಿ ಸಲ್ಲದು. ಲೆಕ್ಕ ಹಾಕಿ ನೋಡಿ: ವೀಣೆಗೆ 24 ಮೆಟ್ಟಿಲುಗಳು. ಇಡಿಯ ವೀಣೆಯನ್ನು 150 ಚುಕ್ಕೆಗಳಷ್ಟು ಅಗಲದಲ್ಲಿ ಕೂರಿಸಿದರೆ ಮೆಟ್ಟಿಲುಗಳಿರುವ ಭಾಗಕ್ಕೆ ಹೆಚ್ಚೆಂದರೆ 75 ಚುಕ್ಕೆ ಸಿಕ್ಕೀತು. ಒಂದೊಂದು ಮೆಟ್ಟಿಲಿಗೂ ಅದರ ಪಕ್ಕದ ಸಂದಿಗೂ ಸೇರಿ ಮೂರೇ ಚುಕ್ಕೆ. ಏಳು ತಂತಿಗಳಂತೂ ಒಂದೇ ಬೂದುಬಣ್ಣದ ಗೆರೆಯಾಗಿ ಕೂಡಿಕೊಳ್ಳುತ್ತವೆ. ಅದು ವೀಣೆಯೋ ಒಲೆಯೂದುವ ಕೊಳವೆಯೋ ನೋಡುವವರಿಗೆ ತಿಳಿಯದು. ಅದೇ ವೀಣೆಯ ಒಂದು ಭಾಗವನ್ನು ಮಾತ್ರ ಆರಿಸಿಕೊಂಡರೆ, ಎಡಗೈಯ ಎರಡು ಬೆರಳು, ಅವುಗಳ ಕೆಳಗೆ ಐದಾರು ಮೆಟ್ಟಿಲು, ಅಷ್ಟೇ ಇದ್ದರೆ, ವೀಣೆಯನ್ನು ಕಂಡ ಯಾರೂ ಅದನ್ನು ಮರೆಯಲಾರರು. ಕರಿಯ ಮೇಣದಲ್ಲಿ ಕೂರಿಸಿದ ಹಿತ್ತಾಳೆಯ ಮೆಟ್ಟಿಲುಗಳು. ಕತ್ತಲೆಯ ಮೇಲೆ ಬೆಳಕಿನ ಗೆರೆಗಳು. ಚಿತ್ರಕ್ಕೆ ಬೇಕಾದ ವ್ಯತ್ಯಾಸವನ್ನು ವೀಣೆ ಮಾಡಿದವನೇ ಮಾಡಿಟ್ಟಿದ್ದಾನೆ. ದಂಡಿಯ ತುದಿಯ ಯಾಳಿಮುಖವೂ ಒಳ್ಳೆಯ ಆಯ್ಕೆಯೇ. ಹಪ್ಪಳ ಮಾರುವವರಿಗೆ ಹತ್ತು ಬಗೆಯ ತಿಂಡಿಯ ತಟ್ಟೆಗಿಂತ ಉಬ್ಬಿದ ಗುಳ್ಳೆಗಳುಳ್ಳ ಒಂದೇ ಹಪ್ಪಳದ ಅರ್ಧ ಸಾಕು. ಅದೂ ಈ ತತ್ತ್ವವೇ.

ಆ ಭಾಗವನ್ನು ಎಲ್ಲಿ ಇಡಬೇಕು? ಅಗಲವನ್ನು ಮೂರು ಪಾಲು ಮಾಡಿ ಎಡದ ಗೆರೆಯ ಮೇಲೋ ಬಲದ ಗೆರೆಯ ಮೇಲೋ ಬೆರಳುಗಳು ಬರುವಂತೆ ಇಟ್ಟರೆ ಉಳಿದ ಎರಡು ಪಾಲು ಹೆಸರಿಗೆ ದೊರೆಯುತ್ತದೆ. ದಂಡಿ ಓರೆಯಾಗಿ ಹೆಸರಿನ ಕಡೆಗೆ ಇಳಿಯುತ್ತಿದ್ದರೆ ಕಣ್ಣು ಅದನ್ನು ಹಿಡಿದು ತಾನಾಗಿ ಹೆಸರಿಗೆ ಬರುತ್ತದೆ. ಹೊರಗೆ ನೋಡುವಂತೆ ಇಟ್ಟರೆ ಕಣ್ಣೂ ಹೊರಕ್ಕೇ ಹೋಗುತ್ತದೆ. ಮನುಷ್ಯರ ಮುಖವಿದ್ದರೆ ಇದು ಇನ್ನೂ ನಿಜ: ಮುಖ ಹೆಸರಿನತ್ತ ತಿರುಗಿರಬೇಕು.

ಫೋಟೋವನ್ನು ತೆಗೆಯುವಾಗ ದೊಡ್ಡದಾಗಿ ತೆಗೆದು ಆಮೇಲೆ ಕುಗ್ಗಿಸಬೇಕು. 4,000 ಚುಕ್ಕೆ ಅಗಲದ ಫೋಟೋವನ್ನು 500ಕ್ಕೆ ಇಳಿಸಿದರೆ ಉದ್ದ ಅಗಲಗಳೆರಡರಲ್ಲೂ ಎಂಟೆಂಟು ಚುಕ್ಕೆಗಳು ಕೂಡಿ, 64 ಚುಕ್ಕೆಗಳ ಸಾರ ಒಂದರಲ್ಲಿ ನಿಲ್ಲುತ್ತದೆ. ಚಿತ್ರ ಗಟ್ಟಿಯಾಗುತ್ತದೆ. ಇದಕ್ಕೆ ವಿರುದ್ಧವಾಗಿ 100 ಚುಕ್ಕೆಯ ಚಿತ್ರವನ್ನು 400ಕ್ಕೆ ಹಿಗ್ಗಿಸಿದರೆ ಪ್ರತಿ 16 ಚುಕ್ಕೆಗಳಲ್ಲಿ 15ನ್ನು ಕಂಪ್ಯೂಟರು ತಾನೇ ಊಹಿಸಿ ತುಂಬಬೇಕು. ಹಾಲಿಗೆ ನೀರು ಬೆರೆಸಿದಂತೆಯೇ. ಅಳತೆ ಹೆಚ್ಚಿತು, ರುಚಿ ಹೋಯಿತು. ಇಡೀ ಸಹಿಚಿತ್ರವನ್ನೇ ಮೊದಲು ಇಮ್ಮಡಿ ಗಾತ್ರದಲ್ಲಿ, 1,000 ಅಗಲ 300 ಎತ್ತರದಲ್ಲಿ, ರಚಿಸಿಕೊಂಡು ಕೊನೆಗೆ ಅರ್ಧಕ್ಕಿಳಿಸುವುದು ಅನುಕೂಲವಾದ ರೂಢಿ. ಇಳಿಸಿದ ಮೇಲೆ ಸ್ವಲ್ಪ ಮಸುಕು ಕಂಡರೆ ಶಾರ್ಪನ್ ಎಂಬ ಉಪಾಯವನ್ನು ಒಮ್ಮೆ, ಹಗುರವಾಗಿ, ಪ್ರಯೋಗಿಸಬಹುದು. ಎರಡು ಮೂರು ಸಲ ಮಾಡಿದರೆ ವಸ್ತುಗಳ ಅಂಚಿಗೆ ಬಿಳಿಯ ಗೆರೆ ಮೂಡುತ್ತದೆ. ಬೆರಳಿಗೆ ಸುಣ್ಣ ಸವರಿದಂತಾಗುತ್ತದೆ.

ಕತ್ತರಿಸಿ ಅಂಟಿಸಿದ ಗುರುತು ಹೊಸಬರ ಚಿತ್ರದಲ್ಲಿ ಬೇಗ ಎದ್ದು ಕಾಣುವ ಮತ್ತೊಂದು ದೋಷ. ಒಂದು ಫೋಟೋದಿಂದ ವೀಣೆಯನ್ನು ಬಿಡಿಸಿ ಮತ್ತೊಂದು ಹಿನ್ನೆಲೆಯ ಮೇಲೆ ಇಟ್ಟಾಗ ಅಂಚು ಬ್ಲೇಡಿನಲ್ಲಿ ಕೊಯ್ದಂತೆ ಚೂಪಾಗಿರುತ್ತದೆ. ಹಳೆಯ ಹಿನ್ನೆಲೆಯ ಬಿಳುಪು ಸುತ್ತಲೂ ನೂಲಿನಂತೆ ಅಂಟಿಕೊಂಡಿರುತ್ತದೆ. ಬಿಡಿಸುವಾಗ ಅಂಚಿನಿಂದ ಒಂದು ಚುಕ್ಕೆ ಒಳಕ್ಕೆ ಸರಿದು ಕತ್ತರಿಸಿ, ಅಂಚನ್ನು ಒಂದು ಚುಕ್ಕೆಯಷ್ಟು ಮೆದುಮಾಡಿದರೆ ಎರಡೂ ಹೋಗುತ್ತವೆ. ಹಿನ್ನೆಲೆಯನ್ನು ಬ್ಲರ್ ಮಾಡಿ ಮಸುಕಾಗಿಸಿ, ಮುಂದಿನದನ್ನು ಸ್ಪಷ್ಟವಾಗಿ ಬಿಟ್ಟರೆ ಚಿತ್ರಕ್ಕೆ ಆಳ ಬರುತ್ತದೆ. ನಮ್ಮ ಕಣ್ಣೂ ಹತ್ತಿರದ ಬೆರಳನ್ನು ದಿಟ್ಟಿಸುವಾಗ ದೂರದ ಗೋಡೆಯನ್ನು ಹೀಗೆಯೇ ಕಾಣುತ್ತದೆ.

ಇಷ್ಟಾದರೂ ಚಿತ್ರ ಒಗ್ಗದೆ ಹೋದರೆ ಕಾರಣವನ್ನು ಬೆಳಕಿನಲ್ಲಿ ಹುಡುಕಬೇಕು. ಇದು ನನಗೆ ಎಲ್ಲಕ್ಕಿಂತ ಸ್ವಾರಸ್ಯವಾದ ಭಾಗ. ವೀಣೆಯ ಫೋಟೋದಲ್ಲಿ ಬಿಸಿಲು ಎಡಗಿಟಕಿಯಿಂದ ಬರುತ್ತಿದೆ. ಹಿನ್ನೆಲೆಯ ಸೂರ್ಯ ಬಲಗಡೆ ಹುಟ್ಟುತ್ತಿದ್ದಾನೆ. ಅಕ್ಷರಗಳ ನೆರಳು ಮೇಲಕ್ಕೆ ಬಿದ್ದಿದೆ. ನೋಡುವವರು ಇದನ್ನು ಬಾಯಲ್ಲಿ ಹೇಳಲಾರರು, ಆದರೆ ಏನೋ ಸರಿಯಿಲ್ಲವೆಂದು ಅವರಿಗೆ ಅನಿಸುತ್ತದೆ. ಏಕೆಂದರೆ ಬೆಳಕು ಮೇಲಿನಿಂದ, ಒಂದೇ ಕಡೆಯಿಂದ ಬರುತ್ತದೆಂದು ನಮ್ಮ ಮಿದುಳು ಮೊದಲೇ ತೀರ್ಮಾನಿಸಿಕೊಂಡು ಕೂತಿದೆ. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ವಿಜ್ಞಾನಿ ವಿ. ಎಸ್. ರಾಮಚಂದ್ರನ್ 1988ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ಬಲು ಸರಳವಾಗಿ ತೋರಿಸಿದುವು. ಬೂದುಬಣ್ಣದ ಹಲಗೆಯ ಮೇಲೆ ದುಂಡಾದ ಬಿಲ್ಲೆಗಳು. ಮೇಲರ್ಧ ಬೆಳ್ಳಗೆ, ಕೆಳಗರ್ಧ ಕಪ್ಪಗೆ ಇರುವಂತೆ ಮೆಲ್ಲನೆ ಛಾಯೆ ಕೊಟ್ಟ ಬಿಲ್ಲೆ ಗುಬುಟಾಗಿ ಎದ್ದು ಕಾಣುತ್ತದೆ. ಅದನ್ನೇ ತಲೆಕೆಳಗು ಮಾಡಿದರೆ ಗುಳಿಯಾಗಿ ಕಾಣುತ್ತದೆ. ಹಾಳೆಯ ಮೇಲೆ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಇರುವುದೆಲ್ಲ ಸೂರ್ಯನು ಮೇಲಿರುತ್ತಾನೆಂಬ ನಮ್ಮ ನಂಬಿಕೆ.

ಬೋರ್ಡು ಬರೆಯುವ ಕುಶಲಿಗಳು ಈ ಪ್ರಯೋಗದ ಹಂಗಿಲ್ಲದೆ ಇದನ್ನು ಬಲ್ಲವರಾಗಿದ್ದರು. ಅಂಗಡಿಯ ಹೆಸರಿನ ಮೊದಲಕ್ಷರಕ್ಕೆ ನೆರಳನ್ನು ಯಾವ ಪಕ್ಕಕ್ಕೆ ಎಳೆದರೋ ಕೊನೆಯ ಅಕ್ಷರದ ವರೆಗೂ ಅದೇ ಪಕ್ಕಕ್ಕೆ ಎಳೆಯುತ್ತಿದ್ದರು. ಕಂಪ್ಯೂಟರಿನಲ್ಲಿ ನಾವು ಮಾಡಬೇಕಾದುದೂ ಅಷ್ಟೇ. ಮುಖ್ಯವಾದ ಫೋಟೋದಲ್ಲಿ ಬೆಳಕು ಎಡದ ಮೇಲ್ಮೂಲೆಯಿಂದ ಬರುತ್ತಿದ್ದರೆ ಹಿನ್ನೆಲೆಯ ಎಡವನ್ನು ಬೆಳಗಿಸಿ ಬಲವನ್ನು ಕಪ್ಪಾಗಿಸಬೇಕು. ಅಕ್ಷರಗಳ ನೆರಳು ಬಲಕ್ಕೆ ಕೆಳಕ್ಕೆ ಬೀಳಬೇಕು. ಹಿನ್ನೆಲೆಯ ಫೋಟೋ ಒಪ್ಪದಿದ್ದರೆ ಅದನ್ನು ಕನ್ನಡಿಯ ಬಿಂಬದಂತೆ ಎಡಬಲ ತಿರುಗಿಸಿ ನೋಡಬಹುದು. ಆದರೆ ಎಚ್ಚರ, ವೀಣೆಯನ್ನು ಹಾಗೆ ತಿರುಗಿಸಿದರೆ ಬಾರಿಸುವವರು ಎಡಚರಾಗಿಬಿಡುತ್ತಾರೆ; ವಿದ್ವಾಂಸರು ನಕ್ಕಾರು.

ಬೇರೆಬೇರೆ ಫೋಟೋಗಳ ಬಣ್ಣಗಳನ್ನು ಒಗ್ಗಿಸುವುದಕ್ಕೂ ಒಂದು ಸುಲಭೋಪಾಯ ಉಂಟು. ಎಲ್ಲದರ ಮೇಲೆ, ಅಕ್ಷರಗಳ ಕೆಳಗೆ, ಒಂದೇ ಬಣ್ಣದ ಒಂದು ಪದರವನ್ನು ಹಾಸಿ, ಅದನ್ನು ಸಾಫ್ಟ್ ಲೈಟ್ ಎಂಬ ಬಗೆಯಲ್ಲಿ ಬೆರೆಸಿ, ಅದರ ಗಾಢತೆಯನ್ನು ನೂರಕ್ಕೆ ಇಪ್ಪತ್ತರಷ್ಟಕ್ಕೆ ಇಳಿಸುವುದು. ವೀಣೆಗೆ ಜೇನಿನ ಬಣ್ಣ ಒಪ್ಪುತ್ತದೆ. ಮುಸ್ಸಂಜೆಯ ಬಿಸಿಲು ಕೋಣೆಯ ಸಾಮಾನುಗಳನ್ನೆಲ್ಲ ಒಂದೇ ಮನೆಯವಾಗಿ ಮಾಡುವಂತೆ ಈ ಪದರ ಎಲ್ಲವನ್ನೂ ಒಂದುಗೂಡಿಸುತ್ತದೆ. ಬೆರೆಸುವ ಬಗೆಗಳಲ್ಲಿ ಇನ್ನೆರಡನ್ನು ತಿಳಿದಿರಬೇಕು. ಪ್ರತಿ ಚುಕ್ಕೆಯ ಬೆಳಕನ್ನೂ 0ಯಿಂದ 255ರ ವರೆಗಿನ ಅಂಕಿಯಾಗಿ ಬರೆದಿಡುವುದು ರೂಢಿ. ಮಲ್ಟಿಪ್ಲೈ ಎಂಬುದು ಎರಡು ಪದರಗಳ ಅಂಕಿಗಳನ್ನು ಗುಣಿಸಿ 255ರಿಂದ ಭಾಗಿಸುತ್ತದೆ: 128ರ ಮೇಲೆ 128 ಬಂದರೆ 64 ಆಗುತ್ತದೆ, ಅಂದರೆ ಕಪ್ಪೇರುತ್ತದೆ. ಸ್ಕ್ರೀನ್ ಎಂಬುದು ಇದರ ತಿರುಗುಮುರುಗು. ಅದೇ ಎರಡು ಅಂಕಿಗಳಿಂದ ಸುಮಾರು 192 ಬರುತ್ತದೆ, ಅಂದರೆ ಬೆಳಕೇರುತ್ತದೆ. ನೆರಳನ್ನು ಹಾಸಲು ಮೊದಲನೆಯದು, ದೀಪದ ಹೊಳಪನ್ನು ಕೂಡಿಸಲು ಎರಡನೆಯದು. ಉಳಿದ ಹತ್ತಿಪ್ಪತ್ತು ಬಗೆಗಳನ್ನು ಬಿಡುವಿದ್ದಾಗ ನೋಡಬಹುದು.

ಮಸೂರದ ಹೊಳಪಿನ ಉಂಗುರಗಳು, ಉಬ್ಬಿದ ಅಕ್ಷರ, ಹೊಳೆಯುವ ಅಂಚು, ಇವುಗಳ ವಿಷಯ ಒಂದು ಮಾತು. 1998ರಲ್ಲಿ ಫೋಟೋಶಾಪಿನ ಐದನೆಯ ಆವೃತ್ತಿ ನೆರಳು, ಉಬ್ಬು ಮೊದಲಾದ ಸಿಂಗಾರಗಳನ್ನು ಒಂದೇ ಗುಂಡಿಯೊತ್ತಿಗೆ ಸಿಗುವಂತೆ ಮಾಡಿತು. ಅಂದಿನಿಂದ ಅವು ಹೊಸಬರ ಕೈಯಲ್ಲಿ ಮದುವೆಮನೆಯ ಪನ್ನೀರಿನಂತಾಗಿವೆ. ಕಂಡಕಂಡವರ ಮೇಲೆಲ್ಲ ಚಿಮುಕಿಸುತ್ತಾರೆ. ಬೇಡವೆನ್ನಲಾರೆ. ಆದರೆ ಆ ಹೊಳಪು ಚಿತ್ರದಲ್ಲಿರುವ ಯಾವ ದೀಪದಿಂದ ಬಂತು ಎಂದು ಕೇಳಿದರೆ ಉತ್ತರವಿರಬೇಕು. ಉತ್ತರವಿಲ್ಲದುದನ್ನು ತೆಗೆದುಹಾಕಿದರೆ ಚಿತ್ರ ತಕ್ಷಣ ಒಂದು ಮೆಟ್ಟಿಲು ಮೇಲೇರುವುದನ್ನು ಕಾಣಬಹುದು.

ಇನ್ನು ಅಕ್ಷರ. ಸಹಿಚಿತ್ರದಲ್ಲಿ ಹೆಸರೇ ಯಜಮಾನ, ಆದರೆ ಹೊಸಬರು ಅದನ್ನು ಕೊನೆಗೆ, ಉಳಿದ ಜಾಗದಲ್ಲಿ ತುರುಕುತ್ತಾರೆ. ಕನ್ನಡದಲ್ಲಿ ಇದರ ತೊಡಕು ಇನ್ನೂ ಹೆಚ್ಚು, ಏಕೆಂದರೆ ನಮ್ಮ ಅಕ್ಷರ ಒಂದೇ ಗೆರೆಯ ಮೇಲೆ ನಿಲ್ಲುವುದಿಲ್ಲ. ರಮಾ ಎಂಬ ಹೆಸರು ಗೆರೆಯ ಮೇಲೆ ನೆಟ್ಟಗೆ ಕುಳಿತಿರುತ್ತದೆ. ಲಕ್ಷ್ಮೀ ಎಂಬಲ್ಲಿ ಒತ್ತಿನ ಮೇಲೆ ಒತ್ತು ಬಂದು ಹೆಸರು ನೆಲಮಾಳಿಗೆಗೆ ಇಳಿಯುತ್ತದೆ. ಮೇಲಿನಿಂದ ಗುಡಿಸು, ಪಕ್ಕದಲ್ಲಿ ದೀರ್ಘ. ಇಂಗ್ಲಿಷಿನ ಮಾದರಿಗಳನ್ನು ನೋಡಿ, 150 ಚುಕ್ಕೆಯ ಎತ್ತರದಲ್ಲಿ ಮೂರು ಸಾಲು ಬರೆಯಬಹುದೆಂದು ಎಣಿಸಿದರೆ ಮೊದಲ ಸಾಲಿನ ಒತ್ತು ಎರಡನೆಯ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಆದುದರಿಂದ ಕನ್ನಡಕ್ಕೆ ಎರಡೇ ಸಾಲು: ಹೆಸರು ದೊಡ್ಡದಾಗಿ, ಕೆಳಗೆ ಕಸುಬು ಚಿಕ್ಕದಾಗಿ. ಮೇಲೆ ಕೆಳಗೆ ಹದಿನೈದು ಚುಕ್ಕೆಗಳಷ್ಟಾದರೂ ಜಾಗ ಖಾಲಿ ಬಿಡಬೇಕು. ಖಾಲಿ ಜಾಗ ವ್ಯರ್ಥವೆಂದು ತಿಳಿಯಬಾರದು. ಅಂಗಳವಿಲ್ಲದ ಮನೆಗೆ ರಂಗೋಲಿ ಎಲ್ಲಿಡುವುದು?

ಇನ್ನೊಂದು ತೊಡಕು ಯಂತ್ರದ್ದು. ಯೂನಿಕೋಡ್ ಎಂಬ ಲೋಕದ ಲಿಪಿಗಳ ಸಂಕೇತಪಟ್ಟಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆಯಿತು. ಆದರೆ ಕಂಪ್ಯೂಟರು ಕ, ಅರ್ಧಚಿಹ್ನೆ, ಷ ಎಂಬ ಮೂರು ಸಂಕೇತಗಳನ್ನು ಕೂಡಿಸಿ ಕ್ಷ ಎಂದು ಬರೆಯಬೇಕಾದರೆ ಅದಕ್ಕೆ ಬೇರೆ ಶಿಕ್ಷಣವೇ ಬೇಕು. ಚಿತ್ರ ಬರೆಯುವ ಹಳೆಯ ತಂತ್ರಾಂಶಗಳಿಗೆ ಈ ಶಿಕ್ಷಣವಿರಲಿಲ್ಲ. ಒತ್ತುಗಳು ಬಿಡಿಬಿಡಿಯಾಗಿ ಮುರಿದು ಬೀಳುತ್ತಿದ್ದುವು. ಗಿಂಪಿನ ಈಗಿನ ಆವೃತ್ತಿಗಳಲ್ಲಿ ಕನ್ನಡ ಸರಿಯಾಗಿ ಕೂಡುತ್ತದೆ. ಫೋಟೋಶಾಪಿನಲ್ಲಿ ಒತ್ತುಗಳು ಒಡೆದು ಕಂಡರೆ ಅಕ್ಷರಜೋಡಣೆಯ ಆಯ್ಕೆಗಳಲ್ಲಿ ವರ್ಲ್ಡ್-ರೆಡಿ ಎಂಬುದನ್ನು ಆರಿಸಬೇಕು. ಒಡೆದ ಹೆಸರನ್ನು ಹಾಗೆಯೇ ಬಿಟ್ಟು ಕಳುಹಿಸುವವರನ್ನು ಕಾಣುತ್ತೇವೆ. ತಮ್ಮ ಹೆಸರು ತಪ್ಪಾಗಿ ಅಚ್ಚಾದ ಲಗ್ನಪತ್ರಿಕೆಯನ್ನು ಯಾರೂ ಹಂಚುವುದಿಲ್ಲ. ಇಲ್ಲಿ ಮಾತ್ರ ಏಕೆ ಈ ಔದಾರ್ಯವೋ ತಿಳಿಯದು.

ಅಕ್ಷರದ ಮೈಕಟ್ಟನ್ನು, ಅಂದರೆ ಫಾಂಟನ್ನು, ಆರಿಸುವಾಗ ಬಳ್ಳಿ ಬಳುಕಿದಂಥವು ಮನಸ್ಸನ್ನು ಸೆಳೆಯುತ್ತವೆ. ಎರಡು ಸೆಂಟಿಮೀಟರಿನ ಪಟ್ಟಿಯಲ್ಲಿ ಆ ಬಳ್ಳಿ ಕಾಣದು, ಸಿಕ್ಕು ಕಾಣುತ್ತದೆ. ಹೆಸರಿಗೆ ಬಲೂ ತಮ್ಮದಂಥ ದಪ್ಪನೆಯ ದುಂಡು ಅಕ್ಷರ, ಕಸುಬಿಗೆ ನೋಟೋ ಸ್ಯಾನ್ಸ್ ಕನ್ನಡದಂಥ ಸರಳವಾದುದು ಸಾಕು. ಎರಡೂ ಬಿಟ್ಟಿಯಾಗಿ ಸಿಗುತ್ತವೆ. ಮೂರನೆಯದೊಂದು ಬಗೆ ಬೇಡ.

ಬಣ್ಣದ ವಿಷಯದಲ್ಲಿ ಜನ ರುಚಿಯ ಮಾತನ್ನೇ ಆಡುತ್ತಾರೆ. ಆದರೆ ಓದಲಾಗುವುದು, ಓದಲಾಗದಿರುವುದು ರುಚಿಯಲ್ಲ, ಲೆಕ್ಕ. ಪರದೆಯ ಪ್ರತಿ ಚುಕ್ಕೆಯೂ ಕೆಂಪು, ಹಸಿರು, ನೀಲಿ ಎಂಬ ಮೂರು ದೀಪಗಳಿಂದಾದುದು. ಮೂರೂ ಪೂರ್ತಿ ಉರಿದರೆ ಬಿಳುಪು. ಆ ಬಿಳುಪಿನ ಬೆಳಕನ್ನು ನೂರು ಪಾಲೆಂದರೆ ಕಣ್ಣಿಗೆ ಹಸಿರಿನಿಂದ ಬರುವುದು ಸುಮಾರು 72, ಕೆಂಪಿನಿಂದ 21, ನೀಲಿಯಿಂದ ಬರಿಯ 7. ಆದುದರಿಂದಲೇ ಅಚ್ಚನೀಲಿ ನಮಗೆ ಕತ್ತಲೆಯ ನೆಂಟನಾಗಿ ಕಾಣುವುದು. ಅಕ್ಷರದ ಬೆಳಕನ್ನೂ ಹಿನ್ನೆಲೆಯ ಬೆಳಕನ್ನೂ ಹೋಲಿಸಿ ಒಂದು ಪ್ರಮಾಣವನ್ನು ಕಟ್ಟಲು ಸೂತ್ರವಿದೆ. ಬಿಳಿಯ ಮೇಲೆ ಕಪ್ಪು ಇದ್ದರೆ ಪ್ರಮಾಣ 21, ಅದೇ ಪರಮಾವಧಿ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2008ರಲ್ಲಿ ಹೊರಡಿಸಿದ ನಿಯಮಾವಳಿಯಂತೆ ಸಣ್ಣ ಅಕ್ಷರಕ್ಕೆ ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ 3 ಇರಬೇಕು. ಈಗ ಕೆಲವು ಜೋಡಿಗಳನ್ನು ನೋಡಿ. ಬಿಳಿಯ ಮೇಲೆ ಅಚ್ಚಹಳದಿ: 1.07, ಅಂದರೆ ಬರೆಯದಿದ್ದಂತೆಯೇ. ನೀಲಿಯ ಮೇಲೆ ಕೆಂಪು, ಹೊಸಬರಿಗೆ ಬಲು ಪ್ರಿಯವಾದುದು: 2.15, ಕಣ್ಣು ನೋಯುತ್ತದೆಯೇ ಹೊರತು ಓದಲಾಗದು. ಹಸಿರಿನ ಮೇಲೆ ಕೆಂಪು: 2.9, ಮೇಲಾಗಿ ಕೆಂಪು ಹಸಿರುಗಳ ಭೇದವೇ ತಿಳಿಯದ ಕಣ್ಣುಗಳೂ ಇವೆ. ಕನ್ನಡ ಬಾವುಟದ ಜೋಡಿಯಾದ ಹಳದಿ ಕೆಂಪುಗಳನ್ನು ಅಚ್ಚಬಣ್ಣಗಳಲ್ಲಿ ತೆಗೆದುಕೊಂಡರೆ 3.7 ಬರುತ್ತದೆ. ದೊಡ್ಡ ಅಕ್ಷರದ ಹೆಸರಿಗೆ ಸಲ್ಲುತ್ತದೆ, ಕೆಳಗಿನ ಚಿಕ್ಕ ಸಾಲಿಗೆ ಸಲ್ಲದು. ರಾಜ್ಯೋತ್ಸವದ ಸಂದೇಶಗಳನ್ನು ಮಾಡುವವರು ಇದನ್ನು ನೆನಪಿಡಬೇಕು. ಕಪ್ಪಿನ ಮೇಲೆ ಹಳದಿಯಾದರೋ 19.6. ನಮ್ಮ ವೀಣೆಯ ಮೇಣದ ಮೇಲಿನ ಹಿತ್ತಾಳೆಯನ್ನು ಇಲ್ಲಿ ಜ್ಞಾಪಿಸಿಕೊಳ್ಳಿ: ಹೆಸರಿಗೂ ಆ ಮಾಸಲು ಹೊನ್ನಿನ ಬಣ್ಣವನ್ನೇ ಕೊಟ್ಟು, ಹಿನ್ನೆಲೆಗೆ ಕಪ್ಪು ಕಂದನ್ನು ಇಟ್ಟರೆ ಬೇರೆ ಬಣ್ಣವನ್ನು ಹುಡುಕುವ ಶ್ರಮವೇ ಇಲ್ಲ. ಲೆಕ್ಕ ಬೇಡವೆನ್ನುವವರು ಚಿತ್ರದ ಬಣ್ಣವನ್ನೆಲ್ಲ ತೆಗೆದು ಕಪ್ಪುಬಿಳುಪು ಮಾಡಿ ನೋಡಲಿ. ಆಗಲೂ ಹೆಸರು ನಿಂತರೆ ಸರಿ.

ಚಿತ್ರ ಸಿದ್ಧವಾದ ಮೇಲೆ ಅದನ್ನು ಉಳಿಸುವ ಬಗೆಯಲ್ಲಿಯೂ ಕೆಡುವುದುಂಟು. ಮೂರು ದೀಪಕ್ಕೆ ಮೂರು ಬೈಟಿನಂತೆ 75,000 ಚುಕ್ಕೆಗಳಿಗೆ 2,25,000 ಬೈಟುಗಳು ಬೇಕು. 1992ರ ಜೆಪೆಗ್ ಎಂಬ ಪದ್ಧತಿ ಇದನ್ನು ಹತ್ತನೆಯ ಒಂದರಷ್ಟಕ್ಕೆ ಇಳಿಸಿದರೂ ಫೋಟೋದಲ್ಲಿ ನಷ್ಟ ಸುಲಭವಾಗಿ ಕಾಣದು. ಅದು ಚಿತ್ರವನ್ನು ಎಂಟೆಂಟು ಚುಕ್ಕೆಗಳ ಚೌಕಗಳಾಗಿ ವಿಭಾಗಿಸಿ, ಕಣ್ಣು ಗಮನಿಸದ ವಿವರಗಳನ್ನು ಬಿಟ್ಟುಬಿಡುತ್ತದೆ. ಬಣ್ಣದ ವಿವರವನ್ನು ಅನೇಕ ವೇಳೆ ನಾಲ್ಕು ಚುಕ್ಕೆಗೆ ಒಂದರಂತೆ ಮಾತ್ರ ಇಟ್ಟುಕೊಳ್ಳುತ್ತದೆ. ಹೂವು ಮುಖಗಳಿಗೆ ಇದು ಸಾಕು, ಅಕ್ಷರದ ಚೂಪಾದ ಅಂಚಿಗೆ ಸಾಲದು. ಕಪ್ಪಿನ ಮೇಲಿನ ಕೆಂಪಕ್ಷರವಂತೂ ಒದ್ದೆಯಾದ ಕುಂಕುಮದಂತೆ ಹರಡುತ್ತದೆ. ತೆರೆದು ತಿದ್ದಿ ಮತ್ತೆ ಉಳಿಸಿದಂತೆಲ್ಲ ನಷ್ಟ ಬೆಳೆಯುತ್ತದೆ. 1996ರಲ್ಲಿ ಬಂದ ಪಿಎನ್‌ಜಿ ಪದ್ಧತಿಯಲ್ಲಿ ಏನೂ ನಷ್ಟವಾಗದು, ಕಡತ ಮಾತ್ರ ಸ್ವಲ್ಪ ಭಾರ. ಸಹಿಚಿತ್ರದಂಥ ಚಿಕ್ಕದಕ್ಕೆ ಅದೇ ಲೇಸು. ಪದರಗಳಿರುವ ಮೂಲಪ್ರತಿಯನ್ನು ಬೇರೆಯಾಗಿ ಕಾಪಾಡಿಕೊಂಡಿರಬೇಕೆಂದು ಹೇಳಬೇಕಾಗಿಲ್ಲ.

ಫೋನಿನ ಅಂಕಿ, ವಿಳಾಸ, ತರಗತಿಯ ವೇಳೆ, ಇವು ಎಲ್ಲಿಗೆ ಹೋದುವೆಂದು ಕೇಳೀರಿ. ಅವನ್ನು ಚಿತ್ರದಿಂದ ತೆಗೆದು ಅದರ ಕೆಳಗೆ ಮಾಮೂಲಿನ ಅಕ್ಷರಗಳಲ್ಲಿ ಟೈಪು ಮಾಡಬೇಕು. ಇದು ಸೌಂದರ್ಯದ ಮಾತಷ್ಟೇ ಅಲ್ಲ. ಅನೇಕ ಈ-ಮೇಲ್ ವ್ಯವಸ್ಥೆಗಳು ಹೊರಗಿನಿಂದ ಬಂದ ಚಿತ್ರಗಳನ್ನು ತಾವಾಗಿ ತೋರಿಸುವುದಿಲ್ಲ. ಚಿತ್ರದೊಳಗಿನ ಅಂಕಿ ಆಗ ಓದುವವರಿಗೆ ತಲಪುವುದೇ ಇಲ್ಲ. ಕಣ್ಣು ಕಾಣದವರಿಗೆ ಪತ್ರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಟೈಪು ಮಾಡಿದುದನ್ನು ಓದುವಷ್ಟು ಚೆನ್ನಾಗಿ ಚಿತ್ರದೊಳಗಿನದನ್ನು ಓದಲಾರವು. ಚಿತ್ರಕ್ಕೆ ಬದಲಿಯಾಗಿ ಒಂದು ವಾಕ್ಯವನ್ನು ಬರೆದು ಸೇರಿಸುವ ಸೌಕರ್ಯವಿದ್ದರೆ ಅಲ್ಲಿ ಹೆಸರನ್ನು ಬರೆಯಬೇಕು. ರಕ್ತ ಬೇಕಾಗಿದೆಯೆಂದು ಆಸ್ಪತ್ರೆಯಿಂದ ಹೊರಡುವ ಕೋರಿಕೆಗಳು ಕೂಡ ಇತ್ತೀಚೆಗೆ ಚಿತ್ರಗಳಾಗಿಯೇ ಫೋನಿನಿಂದ ಫೋನಿಗೆ ಹಾಯುತ್ತವೆ. ವಾಟ್ಸಾಪ್ ಚಿತ್ರವನ್ನು ರವಾನಿಸುವಾಗ ಕುಗ್ಗಿಸುತ್ತದೆ. ನಾಲ್ಕು ಕೈ ದಾಟುವ ಹೊತ್ತಿಗೆ 3 ಯಾವುದು 8 ಯಾವುದು ಎಂದು ತಿಳಿಯದಂತಾದರೆ ಗತಿಯೇನು? ಅಂಕಿಯನ್ನು ಟೈಪು ಮಾಡಿದ್ದರೆ ಅದು ಸವೆಯುವುದಿಲ್ಲ. ಬೆರಳಿಟ್ಟರೆ ಫೋನು ತಾನೇ ಕರೆ ಮಾಡುತ್ತದೆ.

ಕಳುಹಿಸುವ ಮೊದಲು ಒಂದು ಪರೀಕ್ಷೆ. ಚಿತ್ರವನ್ನು ಮನೆಯ ಹಿರಿಯರ ಫೋನಿಗೆ ರವಾನಿಸಿ, ತೋಳಿನುದ್ದದಲ್ಲಿ ಹಿಡಿದು ಹೆಸರನ್ನು ಓದಲು ಹೇಳಿ. ಅವರು ಕನ್ನಡಕ ಹುಡುಕಲು ಎದ್ದರೆ ಅಕ್ಷರವನ್ನು ಇನ್ನೊಂದಿಷ್ಟು ಹಿಗ್ಗಿಸಬೇಕು.